ತಲೆ ಎಣಿಸಿದ್ದು ಸಾಕು, ಒಲೆ ಎಣಿಸಿ: ಕಲಬುರಗಿಯ ಬಾಡಿಗೆ ಮನೆಯಿಂದ ಒಂದು ಬಹಿರಂಗ ಪತ್ರ

ಕಲಬುರಗಿಯ ಜನಪ್ರತಿನಿಧಿಗಳಿಗೆ, ಈ ಊರಿನ ನಕ್ಷೆ ಬರೆಯುವ ಅಧಿಕಾರಿಗಳಿಗೆ, ಹಾಗೇ ಗೇಟಿಗೆ ‘ಟು ಲೆಟ್’ ಬೋರ್ಡು ತೂಗುಹಾಕಿ ಕೂತಿರುವ ಎಲ್ಲ ಮಾಲೀಕರಿಗೂ ಶರಣು.

ನಾನು ನೆಹರು ಗಂಜ್ ಅನ್ನೋ ಈ ಊರಿನ ಕಾಳುಕಡಿ ಮಾರುಕಟ್ಟೆಯ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಎಷ್ಟು ಚೀಲ ತೊಗರಿ ಬಂತು, ಎಷ್ಟು ಬೇಳೆ ಆಯಿತು, ಹೊಟ್ಟು ಎಷ್ಟು, ನುಚ್ಚು ಎಷ್ಟು ಅಂತ ದಿನಾ ಸಂಜೆ ತಾಳೆ ಹಾಕೋದು ನನ್ನ ಕೆಲಸ. ನೂರು ಕಿಲೋ ತೊಗರಿ ಹಾಕಿದರೆ ಎಪ್ಪತ್ತು-ಎಪ್ಪತ್ತೈದು ಕಿಲೋ ಬೇಳೆ ಬರುತ್ತದೆ. ಇದು ನಮ್ಮ ಹಮಾಲರಿಗೂ ಗೊತ್ತು. ಬರೀ ಚೀಲ ಎಣಿಸಿ ಬೇಳೆ ಇಷ್ಟು ಅಂತ ಬರೆದರೆ ನನ್ನ ಮಾಲಕ ನನ್ನನ್ನು ಅವತ್ತೇ ಮನೆಗೆ ಕಳಿಸುತ್ತಾನೆ. ಆದರೆ ಮನೆ-ಬಾಡಿಗೆ ವಿಚಾರದಲ್ಲಿ ನಮ್ಮ ಊರು ಇಪ್ಪತ್ತು ವರ್ಷದಿಂದ ಚೀಲ ಎಣಿಸಿಕೊಂಡೇ ಕೂತಿದೆ. ಚಹಾದ ಅಂಗಡಿಯಲ್ಲಿ ಕೇಳಿ, ದೊಡ್ಡವರ ಭಾಷಣದಲ್ಲಿ ಕೇಳಿ, ಒಂದೇ ಮಾತು: ಜನ ಜಾಸ್ತಿ ಆದರು, ಅದಕ್ಕೇ ಬಾಡಿಗೆ ಜಾಸ್ತಿ ಆಯಿತು. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ.

ಯಾಕೆ ಅಂತ ಹೇಳುವ ಮುಂಚೆ ಹೋದ ಮೇ ತಿಂಗಳ ಕಥೆ ಹೇಳಬೇಕು.

ಆಗ ನಾವಿದ್ದ ಮನೆಯ ಮಾಲೀಕರ ಮಗನಿಗೆ ಮದುವೆ ಗೊತ್ತಾಯಿತು. ಖೋಲಿ ಬೇಕು, ಬಿಡಿ ಅಂದರು. ನ್ಯಾಯವೇ, ಅವರ ಮನೆ. ನಾನು, ನನ್ನ ಹೆಂಡತಿ ಕೆಲಸ ಮುಗಿಸಿಕೊಂಡು ದಿನಾ ಸಂಜೆ ಸ್ಕೂಟಿ ಮೇಲೆ ಮನೆ ಹುಡುಕೋಕೆ ಹೊರಟೆವು. ಸೇಡಂ ರೋಡ್, ಆಳಂದ ರೋಡ್, ಜೇವರ್ಗಿ ರೋಡ್, ರಾಮ ಮಂದಿರದ ಹಿಂದೆ, ಬ್ರಹ್ಮಪುರದ ಓಣಿಗಳು. ಸಂಜೆ ಏಳಕ್ಕೂ ಗೋಡೆಗಳು ತಂದೂರಿನ ಹಾಗೆ ಕಾದಿರುತ್ತವೆ, ಮೇ ತಿಂಗಳ ಕಲಬುರಗಿ ನಿಮಗೆ ಹೇಳಬೇಕಾಗಿಲ್ಲ. ಹತ್ತೊಂಬತ್ತು ದಿನ ಹುಡುಕಿದೆವು. ಎಲ್ಲಾ ಕಡೆ ಮೊದಲ ಪ್ರಶ್ನೆ ಒಂದೇ.

“ಎಷ್ಟ್ ಮಂದಿ ಅದೀರಿ?”

“ಐದು ಮಂದಿ ರೀ. ನಾವಿಬ್ರು, ಎರಡು ಮಕ್ಕಳು, ನಮ್ಮವ್ವ.”

“ನಾಕ್ ಮಂದಿ ಇದ್ರ ಕೊಡಬಹುದಿತ್ತು ನೋಡ್ರಿ. ನೀರಿಂದೇ ತ್ರಾಸ್ ಅದ.”

ಎರಡನೇ ಪ್ರಶ್ನೆ “ನೀವು ಯಾ ಮಂದಿ?”, ಅಂದರೆ ಯಾವ ಜಾತಿ ಅನ್ನೋದು. ಅದರ ಬಗ್ಗೆ ಬರೆದರೆ ಬೇರೆಯೇ ಪತ್ರ ಆಗುತ್ತದೆ, ಇವತ್ತು ಬಿಟ್ಟಿದ್ದೇನೆ. ಹನ್ನೆರಡನೇ ಮನೆಗೆ ಹೋಗುವಷ್ಟರಲ್ಲಿ ನಾವು ಉತ್ತರ ಕಲಿತಿದ್ದೆವು. ನಾಲ್ಕೇ ಮಂದಿ ರೀ. ಅವ್ವ ಊರಲ್ಲಿರುತ್ತಾಳೆ, ಆಗಾಗ ಬಂದು ಹೋಗುತ್ತಾಳೆ. ಆ ಮಾತು ಹೇಳುವಾಗ ನನ್ನ ಹೆಂಡತಿ ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ. ಹಾಗೆ ಸಿಕ್ಕ ಮನೆಯಲ್ಲೇ ಈಗ ಇದ್ದೇವೆ. ಒಂದು ಹಾಲ್, ಒಂದು ಖೋಲಿ, ಅಡುಗೆಮನೆ. ನೆಲಕ್ಕೆ ಶಹಾಬಾದ್ ಫರಸಿ, ತಂಪಾಗಿದೆ, ಅದೊಂದು ಸುಖ. ಬಾಡಿಗೆ 8,000, ಅಡ್ವಾನ್ಸ್ 50,000. ನನ್ನ ಪಗಾರ 18,000. ಹೆಂಡತಿ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ, ಅವಳಿಗೆ 11,000. ನಮ್ಮವ್ವ ಒಂದು ವರ್ಷದಿಂದ ಈ ಮನೆಗೆ ‘ಬಂದು ಹೋಗುತ್ತಾ’ ಇದ್ದಾಳೆ. ಹೋಗಿದ್ದು ಮಾತ್ರ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೊದಲು ನಮ್ಮ ಮನೆತನದ್ದೇ.

ನಮ್ಮದು ಆಳಂದ ತಾಲ್ಲೂಕಿನ ಒಂದು ಹಳ್ಳಿ. 1991ರ ಜನಗಣತಿಗೆ ಮಾಸ್ತರರು ಬಂದಾಗ ನಮ್ಮ ಅಜ್ಜನ ಮಾಳಿಗೆ ಮನೆಯಲ್ಲಿ ಹದಿನಾರು ಮಂದಿ ಇದ್ದೆವು. ಅಜ್ಜ, ಅಜ್ಜಿ, ಮೂರು ಗಂಡುಮಕ್ಕಳು, ಮೂರು ಸೊಸೆಯರು, ನಾವು ಎಂಟು ಮೊಮ್ಮಕ್ಕಳು. ಒಲೆ ಒಂದು. ದೊಡ್ಡ ಹಂಚಿನ ಮೇಲೆ ಬೆಳಗ್ಗೆ ಐದಕ್ಕೆ ಶುರುವಾದ ರೊಟ್ಟಿ ಬಡಿಯುವ ಸದ್ದು ಎಂಟರ ತನಕ ನಿಲ್ಲುತ್ತಿರಲಿಲ್ಲ. ಇವತ್ತು ಅದೇ ಮನೆತನದಲ್ಲಿ ಇಪ್ಪತ್ನಾಲ್ಕು ಮಂದಿ. ಒಲೆ ಎಂಟು. ಊರಲ್ಲಿ ಒಂದು, ಕಲಬುರಗಿಯಲ್ಲಿ ಮೂರು, ಬೆಂಗಳೂರಲ್ಲಿ ಎರಡು, ಪುಣೆಯಲ್ಲಿ ಒಂದು, ಹೈದರಾಬಾದಿನಲ್ಲಿ ಒಂದು. ಊರಿನ ಮನೆಯಲ್ಲಿ ಕಾಕಾ-ಕಾಕು ಇಬ್ಬರೇ, ಮಳೆಗೆ ಎರಡು ಅಂಕಣ ಕುಸಿದಿವೆ, ಎತ್ತಿ ಕಟ್ಟುವವರಿಲ್ಲ.

ನೋಡಿ, ತಲೆ ಒಂದೂವರೆ ಪಟ್ಟು ಆಗಿದೆ. ಒಲೆ ಎಂಟು ಪಟ್ಟು ಆಗಿದೆ. ಮನೆ ಬೇಕಾಗೋದು ತಲೆಗಲ್ಲ ಸಾಹೇಬ್ರೇ, ಒಲೆಗೆ.

ಇದು ನಮ್ಮ ಮನೆಯ ಜಗಳದ ಕಥೆಯಲ್ಲ. ಒಲೆ ಬೇರೆ ಆಯಿತು ಅಂದ ಕೂಡಲೇ ನಮ್ಮಲ್ಲಿ ಜನ ಕಿವಿ ನಿಮಿರಿಸುತ್ತಾರೆ, ಯಾವ ಸೊಸೆ ಏನಂದಳು ಅಂತ. ಜಗಳವೇನೂ ಇರಲಿಲ್ಲ. ನೌಕರಿ ಬೇರೆ ಬೇರೆ ಊರಲ್ಲಿ ಸಿಕ್ಕಿತು, ಅಷ್ಟೇ. ದೇಶದಲ್ಲೆಲ್ಲಾ ಇದೇ ಆಗಿದೆ. 2001ರ ಜನಗಣತಿಯಲ್ಲಿ ಭಾರತದ ಒಂದು ಕುಟುಂಬ ಅಂದರೆ ಸರಾಸರಿ 5.3 ಮಂದಿ, 2011ರಲ್ಲಿ 4.9. ಆಮೇಲಿನ ಸಮೀಕ್ಷೆಗಳಲ್ಲಿ ಇನ್ನೂ ಇಳಿದಿದೆ. ಸಾವಿರ ಜನ ಐದೈದರಂತೆ ಇದ್ದರೆ ಇನ್ನೂರು ಮನೆ ಸಾಕು. ಅದೇ ಸಾವಿರ ಜನ ನಾಲ್ಕು ನಾಲ್ಕರಂತೆ ಆದರೆ ಇನ್ನೂರೈವತ್ತು ಬೇಕು. ಒಂದು ಮಗುವೂ ಹೊಸದಾಗಿ ಹುಟ್ಟಿಲ್ಲ, ಹೊರಗಿನಿಂದ ಒಬ್ಬರೂ ಬಂದಿಲ್ಲ, ಆದರೂ ಐವತ್ತು ಮನೆ ಕಮ್ಮಿ ಬಿದ್ದವು. ಅವು ಎಲ್ಲಿಂದ ಬರಬೇಕು?

ಇನ್ನು ಹುಟ್ಟೋದರ ವಿಚಾರ. ಕರ್ನಾಟಕದಲ್ಲಿ ಈಗ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು, ಇದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. 1992-93ರಲ್ಲಿ ಮೊದಲ ಸಮೀಕ್ಷೆ ನಡೆದಾಗ ಅದು 2.85 ಇತ್ತು. ಜನಸಂಖ್ಯೆ ಏರದೆ ಇಳಿಯದೆ ನಿಲ್ಲಬೇಕಾದರೆ 2.1 ಬೇಕು, ಅಂದರೆ ರಾಜ್ಯ ಅದಕ್ಕಿಂತ ಕೆಳಗೆ ಇಳಿದು ಎಷ್ಟೋ ದಿನ ಆಯಿತು. ನಮ್ಮ ಕಲ್ಯಾಣ ಕರ್ನಾಟಕದ ಕಡೆ ಸ್ವಲ್ಪ ಜಾಸ್ತಿ ಇದೆ, ನಿಜ, ಆದರೆ ಇಲ್ಲೂ ಇಳಿಯುತ್ತಲೇ ಇದೆ. ನನ್ನ ಅಜ್ಜಿ ಏಳು ಹೆತ್ತಳು, ನನ್ನ ಅವ್ವ ನಾಲ್ಕು, ನನ್ನ ಹೆಂಡತಿ ಎರಡು. ಹಾಗಾದರೆ ಮನೆ ಕಮ್ಮಿ ಬೇಕಲ್ವಾ ಅಂತ ಯಾರೋ ಕೇಳಬಹುದು. ಹುಟ್ಟಿದ ಮಗು ಮನೆ ಕೇಳಲ್ಲ, ತೊಟ್ಟಿಲು ಕೇಳುತ್ತದೆ. ಅದು ಮನೆ ಕೇಳೋದು ಇಪ್ಪತ್ತೈದು-ಮೂವತ್ತು ವರ್ಷ ಆದಮೇಲೆ, ಮದುವೆಯಾಗಿ ಬಂದಾಗ. 1990ರ ದಶಕದಲ್ಲಿ, ಮನೆಗೆ ನಾಲ್ಕು-ಐದು ಮಕ್ಕಳಿದ್ದ ಕಾಲದಲ್ಲಿ, ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹುಟ್ಟಿದವರು ಈಗ ಒಬ್ಬೊಬ್ಬರಾಗಿ ಗ್ಯಾಸ್ ಸಿಲಿಂಡರ್ ಹಿಡಿದುಕೊಂಡು ಖೋಲಿ ಹುಡುಕುತ್ತಿದ್ದಾರೆ. ಅವರ ತೊಟ್ಟಿಲು ತೂಗುವಾಗಲೇ ಈ ದಿನ ಬರುತ್ತದೆ ಅಂತ ಲೆಕ್ಕ ಹಾಕಬಹುದಿತ್ತು. ಇಪ್ಪತ್ತೈದು ವರ್ಷ ಟೈಮ್ ಇತ್ತು.

ಊರಿನ ಅಂಕಿಯನ್ನೂ ನೋಡಿ. 1991ರಲ್ಲಿ ಕಲಬುರಗಿ ನಗರದಲ್ಲಿ ಸುಮಾರು 3 ಲಕ್ಷ ಜನ. 2001ರಲ್ಲಿ ಸುಮಾರು 4.2 ಲಕ್ಷ. 2011ರಲ್ಲಿ 5.3 ಲಕ್ಷ. ಅಲ್ಲಿಗೆ ನಿಂತಿತು. ಜನ ಬರೋದು ನಿಂತಿಲ್ಲ, ಎಣಿಸೋದು ನಿಂತಿತು. 2021ರ ಜನಗಣತಿ ನಡೆಯಲೇ ಇಲ್ಲ. ಇವತ್ತಿಗೂ ನಮ್ಮ ಊರಿನ ಬಗ್ಗೆ ಯಾವ ಕಾಗದ ತೆಗೆದರೂ ಅದರ ತಳದಲ್ಲಿ 2011 ಕೂತಿರುತ್ತದೆ. ಆ ವರ್ಷ ನನಗೆ ಮದುವೆಯೂ ಆಗಿರಲಿಲ್ಲ.

ಈ ಇಪ್ಪತ್ತು ವರ್ಷದೊಳಗೆ ಏನೇನು ಬಂತು ನೋಡಿ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ, 2013ರಲ್ಲಿ ಅದೇ ಕಾಯಂ ಪೀಠ. 2009ರಲ್ಲಿ ಕಡಗಂಚಿ ಹತ್ತಿರ ಕೇಂದ್ರೀಯ ವಿಶ್ವವಿದ್ಯಾಲಯ. ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಕಲಮು ಬಂತು, ನಮ್ಮ ಹುಡುಗರಿಗೆ ನೌಕರಿ, ಸೀಟು ಸಿಕ್ಕವು. ಇಎಸ್‌ಐ ಮೆಡಿಕಲ್ ಕಾಲೇಜು, 2019ರಲ್ಲಿ ವಿಮಾನ ನಿಲ್ದಾಣ, 2024ರ ಡಿಸೆಂಬರಿನಲ್ಲಿ ಜಯದೇವ ಆಸ್ಪತ್ರೆಯ ಹೊಸ ಕಟ್ಟಡ, ಅದಕ್ಕೂ ನೆನಪಿಟ್ಟುಕೊಂಡು 371 ಹಾಸಿಗೆ. ಎಲ್ಲಾ ಬೇಕಾಗಿತ್ತು, ಎಲ್ಲದಕ್ಕೂ ಕೈ ಮುಗಿಯುತ್ತೇನೆ. ಎದೆನೋವು ಬಂದರೆ ಸೊಲ್ಲಾಪುರ, ಹೈದರಾಬಾದ್ ಅಂತ ಓಡುತ್ತಿದ್ದ ಊರು ಇದು. ಆದರೆ ಒಂದೊಂದು ಉದ್ಘಾಟನೆಯ ಹಿಂದೆಯೂ ವಕೀಲರ ಗುಮಾಸ್ತರು, ನರ್ಸುಗಳು, ಔಟ್‌ಸೋರ್ಸ್ ಹುಡುಗರು, ಓದೋ ಮಕ್ಕಳು, ಸೆಕ್ಯೂರಿಟಿಯವರು ಬರುತ್ತಾರೆ. ಹಾಸಿಗೆ ಎಣಿಸಿದಿರಿ, ಹಾಸಿಗೆಯ ಪಕ್ಕ ರಾತ್ರಿ ಪಾಳಿ ಮಾಡುವ ನರ್ಸು ಬೆಳಗ್ಗೆ ಎಲ್ಲಿಗೆ ಹೋಗಿ ಮಲಗುತ್ತಾಳೆ ಅಂತ ಎಣಿಸಲಿಲ್ಲ.

ಇನ್ನೊಂದು ಇದೆ, ಇದು ಯಾವ ಪಟ್ಟಿಯಲ್ಲೂ ಸಿಗಲ್ಲ. ನಮ್ಮ ಭಾಗದಲ್ಲಿ “ಸಾಲಿ ಕಲ್ಸಾಕ ಮನಿ ಮಾಡ್ಯಾರ” ಅಂತ ಒಂದು ಮಾತಿದೆ. ಗಂಡ ಅಫಜಲಪುರದ ಕಡೆ ಹೊಲ ನೋಡಿಕೊಂಡು ಊರಲ್ಲೇ ಇರುತ್ತಾನೆ. ಹೆಂಡತಿ ಎರಡು ಮಕ್ಕಳನ್ನು ಕರೆದುಕೊಂಡು ಕಲಬುರಗಿಯಲ್ಲಿ ಒಂದು ಖೋಲಿ ಹಿಡಿಯುತ್ತಾಳೆ. ಶನಿವಾರ ಸಂಜೆ ಗಂಡ ಜೋಳ, ಬೇಳೆ, ಹಾಲು ತೆಗೆದುಕೊಂಡು ಬಸ್ಸಿಗೆ ಬರುತ್ತಾನೆ, ಸೋಮವಾರ ಬೆಳಗ್ಗೆ ಹೋಗುತ್ತಾನೆ. ಸಂಸಾರ ಒಂದೇ, ಒಲೆ ಎರಡು. ಜೂನ್ ಬಂತು ಅಂದರೆ ಸಾಲಿ ಹತ್ತಿರದ ಓಣಿಗಳಲ್ಲಿ ಬಾಡಿಗೆ ಸಾವಿರ ಏರೋದು ಇದಕ್ಕೇ. ಅವರದ್ದು ತಪ್ಪು ಅಂತ ಹೇಗೆ ಹೇಳಲಿ? ಊರಿನ ಸಾಲಿಯಲ್ಲಿ ಗಣಿತದ ಮಾಸ್ತರ ಇದ್ದಿದ್ದರೆ ಅವರು ಈ ಧಗೆಯಲ್ಲಿ ಪತ್ರಾ ಹೊದಿಸಿದ ಖೋಲಿಗೆ ಯಾಕೆ ಬರುತ್ತಿದ್ದರು? ಹಳ್ಳಿಗೆ ಒಬ್ಬ ಒಳ್ಳೆ ಮಾಸ್ತರನನ್ನು ಕೊಟ್ಟರೆ ಕಲಬುರಗಿಯಲ್ಲಿ ಹತ್ತು ಖೋಲಿ ಖಾಲಿಯಾಗುತ್ತವೆ. ವಸತಿ ಇಲಾಖೆ ಮೀಟಿಂಗಿಗೆ ಶಿಕ್ಷಣ ಇಲಾಖೆಯವರನ್ನೂ ಕರೆಯಿರಿ ಅಂತ ನಾನು ಹೇಳಿದರೆ ನಗಬೇಡಿ.

ನಗೋದು ಅಂದಾಗ ನೆನಪಾಯಿತು. 2024ರ ಅಕ್ಟೋಬರಿನಲ್ಲಿ ಪಕ್ಕದ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಜಾಸ್ತಿ ಮಕ್ಕಳು ಮಾಡಿಕೊಳ್ಳಿ, ಮುದುಕರ ಸಂಖ್ಯೆ ಏರುತ್ತಿದೆ ಅಂದರು. ಮೊಬೈಲಿನಲ್ಲಿ ಅದನ್ನು ಓದಿ ಹೇಳಿದೆ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಾ, “ಮೊದಲು ಮಾಲೀಕರ ಕಡೆ ಒಂದು ಚೀಟಿ ಬರೆಸಿಕೊಡು ಅನ್ನು, ಐದು ಮಂದಿಗೆ ಮನೆ ಕೊಡ್ತೀವಿ ಅಂತ” ಅಂದಳು. ಎರಡು ಮಕ್ಕಳು ಸಾಕು ಅಂತ ಗೋಡೆ ಮೇಲೆ ಕೆಂಪು ತ್ರಿಕೋನ ಬರೆದದ್ದನ್ನು ನೋಡಿಕೊಂಡು ಬೆಳೆದವರು ನಾವು. ಅದರಂತೆ ನಡೆದೆವು. ಈಗ ತಾಯಿಯನ್ನು ಸೇರಿಸಿದರೆ ನಮ್ಮದು ದೊಡ್ಡ ಕುಟುಂಬ!

ಸರಕಾರದ ಎಣಿಕೆಗಳಿಗೂ ನಮ್ಮ ಒಲೆ ಕಾಣಲ್ಲ. ನಮ್ಮ ರೇಷನ್ ಕಾರ್ಡ್ ಇನ್ನೂ ಊರಲ್ಲೇ ಇದೆ, ಅಣ್ಣನ ಕುಟುಂಬ, ನಮ್ಮ ಕುಟುಂಬ ಎಲ್ಲಾ ಒಂದೇ ಕಾರ್ಡಿನಲ್ಲಿ. ಮನೆಯೊಡತಿ ಅವ್ವ. ಗೃಹಲಕ್ಷ್ಮಿಯ 2,000 ಅವ್ವನ ಖಾತೆಗೆ ಬರುತ್ತದೆ, ಅದರಲ್ಲಿ ಸಾವಿರ ಅಣ್ಣನ ಮನೆಗೆ, ಸಾವಿರ ನಮಗೆ ಅಂತ ಅವಳೇ ಪಾಲು ಮಾಡಿದ್ದಾಳೆ. ಕಾರ್ಡಿನಲ್ಲಿ ಒಂದು ಮನೆ, ನಿಜದಲ್ಲಿ ಎರಡು ಬಾಡಿಗೆ. ಕರೆಂಟಿನದ್ದು ಇನ್ನೂ ಮಜಾ. ನಮ್ಮ ಕಂಪೌಂಡಿನಲ್ಲಿ ಮೂರು ಬಾಡಿಗೆ ಸಂಸಾರ, ಮೀಟರ್ ಒಂದೇ. ಗೃಹಜ್ಯೋತಿಯ 200 ಯೂನಿಟ್ ಒಂದು ಮೀಟರಿಗೆ. ಮೂರು ಫ್ರಿಜ್ಜು, ಮೂರು ಕೂಲರು ಸೇರಿ ಬೇಸಿಗೆಯಲ್ಲಿ ಅದು ಹದಿನೈದು ದಿನಕ್ಕೇ ದಾಟುತ್ತದೆ. ದಾಟಿದರೆ ಪೂರ್ತಿ ಬಿಲ್ಲು. ಮಾಲೀಕರು ಸಬ್ ಮೀಟರ್ ನೋಡಿ ಯೂನಿಟ್ಟಿಗೆ ಇಷ್ಟು ಅಂತ ನಮ್ಮಿಂದ ತೆಗೆದುಕೊಳ್ಳುತ್ತಾರೆ. ಉಚಿತ ಕರೆಂಟು ನಮ್ಮ ಗೇಟಿನ ತನಕ ಬಂದು ವಾಪಸ್ ಹೋಗಿದೆ. 2025ರ ಸೆಪ್ಟೆಂಬರಿನಲ್ಲಿ ಜಾತಿ ಸಮೀಕ್ಷೆಗೆ ಮೀಟರ್ ನೋಡಿ ಚೀಟಿ ಅಂಟಿಸಿಕೊಂಡು ಬಂದಾಗಲೂ ನಮ್ಮ ಗೇಟಿಗೆ ಒಂದೇ ಚೀಟಿ ಬಿತ್ತು. ಸಮೀಕ್ಷೆಗೆ ಬಂದ ಟೀಚರಮ್ಮ ಒಳ್ಳೆಯವರು, ಒಳಗೆ ಬಂದು ಮೂರು ಅಡುಗೆಮನೆ ನೋಡಿ, ಹಣೆ ಒರೆಸಿಕೊಂಡು, ಮೂರು ಸಂಸಾರವನ್ನೂ ಬರೆದುಕೊಂಡು ಹೋದರು. ಅಂದರೆ ಎಣಿಸೋಕೆ ಆಗಲ್ಲ ಅಂತ ಅಲ್ಲ, ಆಗುತ್ತದೆ.

ಮಾಲೀಕರನ್ನು ಬೈಯೋಕೆ ನಾನು ಈ ಪತ್ರ ಬರೆಯುತ್ತಿಲ್ಲ. ನಮ್ಮ ಈಗಿನ ಮಾಲೀಕರನ್ನು ನಾವು ಕಾಕಾ ಅಂತೀವಿ. ಎಪ್ಪತ್ತು ದಾಟಿದ್ದಾರೆ, ನಿವೃತ್ತ ಮಾಸ್ತರು. ಒಬ್ಬ ಮಗ ಬೆಂಗಳೂರು, ಇನ್ನೊಬ್ಬ ಅಮೆರಿಕ. ಮೇಲಿನ ಮಹಡಿಯಲ್ಲಿ ಮೂರು ಖೋಲಿ, ಅಟ್ಯಾಚ್ ಬಾತ್‌ರೂಮು, ಗ್ರಾನೈಟು. ಬೀಗ ಹಾಕಿದೆ. ಮಕ್ಕಳು ವರ್ಷಕ್ಕೊಮ್ಮೆ ಶರಣಬಸವೇಶ್ವರರ ಜಾತ್ರೆಗೋ ದೀಪಾವಳಿಗೋ ಬರುತ್ತಾರೆ, ಐದು ದಿನ ಇರುತ್ತಾರೆ. ತಿಂಗಳಿಗೊಮ್ಮೆ ಕಾಕು ಮೇಲೆ ಹೋಗಿ ಕಸ ಹೊಡೆದು ಬರುತ್ತಾರೆ, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು. ಮೇಲೆ ಮೂರು ಖೋಲಿಗೆ ಯಾರೂ ಇಲ್ಲ, ಕೆಳಗೆ ಎರಡು ಖೋಲಿಗೆ ಇಬ್ಬರೇ ಮುದುಕರು, ಹಿಂದೆ ಒಂದೂವರೆ ಖೋಲಿಗೆ ನಾವು ಐದು. ಜನಸಂಖ್ಯೆ ಬದಲಾಗೋದು ಅಂದರೆ ಏನು ಅಂತ ಪುಸ್ತಕದಲ್ಲಿ ಓದಬೇಕಾಗಿಲ್ಲ, ನಮ್ಮ ಕಂಪೌಂಡಿಗೆ ಬಂದರೆ ಸಾಕು. ಕಾಕಾಗೆ ಬಾಡಿಗೆಯಿಂದಲೇ ಔಷಧಿ ಖರ್ಚು ನಡೆಯಬೇಕು. ಮೇಲಿನದನ್ನು ಕೊಡಬಹುದಲ್ಲ ಅಂತ ಒಮ್ಮೆ ಕೇಳಿದೆ. “ಕೊಟ್ಟ ಮ್ಯಾಲ ಬಿಡಲಿಲ್ಲ ಅಂದ್ರ ಈ ವಯಸ್ಸಿನಾಗ ಕೋರ್ಟಿಗೆ ಯಾರ್ ತಿರುಗಾಡಬೇಕೋ?” ಅಂದರು. ಅದೂ ನಿಜವೇ. ಬಾಡಿಗೆದಾರನಿಗೆ ಮಾಲೀಕನ ಹೆದರಿಕೆ, ಮಾಲೀಕನಿಗೆ ಬಾಡಿಗೆದಾರನ ಹೆದರಿಕೆ, ನಡುವೆ ಹನ್ನೊಂದು ತಿಂಗಳ ಒಂದು ಸ್ಟ್ಯಾಂಪ್ ಪೇಪರು. ಕೇಂದ್ರ ಸರಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದು ಮಾಡಿ ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ ಅದರಲ್ಲಿದೆ, ಜಗಳ ಬಂದರೆ ಬೇಗ ತೀರ್ಮಾನ ಮಾಡೋಕೆ ಬೇರೆ ವ್ಯವಸ್ಥೆಯೂ ಇದೆ. ಆ ಲೆಕ್ಕಕ್ಕೆ ನನ್ನ ಅಡ್ವಾನ್ಸ್ 16,000 ಆಗಬೇಕಿತ್ತು. ಉಳಿದ 34,000ಕ್ಕೆ ನಾನು ಮಿಲ್ಲಿನಲ್ಲಿ ಸಾಲ ಮಾಡಿದ್ದೇನೆ, ಪಗಾರದಲ್ಲಿ ಮುರಿಯುತ್ತಿದ್ದಾರೆ.

ಪ್ಲಾಟಿನ ಕಥೆ ಹೇಳದಿದ್ದರೆ ಈ ಪತ್ರ ಮುಗಿಯಲ್ಲ. 2016ರಲ್ಲಿ ರಿಂಗ್ ರೋಡಿನ ಆಚೆ ಒಂದು ಲೇಔಟಿನಲ್ಲಿ 30-40ರ ಎನ್.ಎ. (ಕೃಷಿಯೇತರ) ಪ್ಲಾಟು ನೋಡಿದ್ದೆ. ಆರು ಲಕ್ಷ ಹೇಳಿದ್ದರು. ನನ್ನ ಹತ್ತಿರ ಎರಡು ಇತ್ತು. ಇನ್ನೆರಡು ವರ್ಷ ಕೂಡಿಸೋಣ ಅಂದುಕೊಂಡೆ. ಈಗ ಅದೇ ಸಾಲಿನಲ್ಲಿ 22 ಲಕ್ಷ. ನನ್ನ ಪಗಾರ ಆವಾಗ 9,000, ಈಗ ಎರಡು ಪಟ್ಟು. ಪ್ಲಾಟು ಮೂರೂವರೆ ಪಟ್ಟಿಗಿಂತ ಜಾಸ್ತಿ. ಅದರ ಮೇಲೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಒಂದು ಪರ್ಸೆಂಟಿನಿಂದ ಎರಡಾಯಿತು, 22 ಲಕ್ಷಕ್ಕೆ ಅದೊಂದೇ 44,000, ಮುದ್ರಾಂಕದ್ದು ಬೇರೆ. ಹೋಗಲಿ, ಆ ಪ್ಲಾಟಿನಲ್ಲಿ ಯಾರಾದರೂ ಮನೆ ಕಟ್ಟಿದರಾ? ಹೋದ ಭಾನುವಾರ ಮಗನನ್ನು ಕೂರಿಸಿಕೊಂಡು ಹೋಗಿ ನೋಡಿ ಬಂದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಆಳೆತ್ತರ ಜಾಲಿ, ‘ಈ ಪ್ಲಾಟು ಮಾರಾಟಕ್ಕಿಲ್ಲ’ ಅಂತ ಬೋರ್ಡು. ಆ ಸಾಲಿನಲ್ಲಿ ನಲವತ್ತು ಪ್ಲಾಟಿಗೆ ಆರು ಮನೆ ಎಣಿಸಿದೆ. ಬೀದಿ ದೀಪ ಇದೆ, ಡಾಂಬರು ಇದೆ, ಕುರಿ ಮೇಯುತ್ತಿವೆ.

ಯಾರದ್ದು ಆ ಪ್ಲಾಟುಗಳು? ನಮ್ಮವರದ್ದೇ. ನನ್ನ ಸ್ವಂತ ಕಾಕಾನ ಮಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ, ಕಲಬುರಗಿಯಲ್ಲಿ ಎರಡು ಪ್ಲಾಟು ಇಟ್ಟಿದ್ದಾನೆ. ಅಲ್ಲಿ ಕೊಳ್ಳೋಕೆ ಆಗಲ್ಲ, ಇಲ್ಲಿ ಕೊಳ್ಳುತ್ತಾನೆ. ಹೈದರಾಬಾದ್, ಪುಣೆ, ದುಬೈಗೆ ಹೋದವರೂ ಅಷ್ಟೇ. ನಮ್ಮಲ್ಲಿ ನೌಕರಿ ಇಲ್ಲ ಅಂತ ಹೊರಗೆ ಹೋದ ಜನ ಅಲ್ಲಿನ ಪಗಾರದಲ್ಲಿ ಇಲ್ಲಿ ಜಾಗ ಹಿಡಿಯುತ್ತಾರೆ. ಹಾಗಾಗಿ ಪ್ಲಾಟಿನ ದರ ನಿಗದಿಯಾಗೋದು ಬೆಂಗಳೂರಿನ ಪಗಾರದಲ್ಲಿ, ಆ ದರದ ಮೇಲೆ ಬಾಡಿಗೆ ಕಟ್ಟುವವರು ಗಂಜಿನ ಪಗಾರದಲ್ಲಿ. ನನ್ನ ತಮ್ಮನನ್ನು ದೂರಲ್ಲ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಹತ್ತು ವರ್ಷ ಖಾಲಿ ಬಿಟ್ಟ ಪ್ಲಾಟಿಗೆ ವರ್ಷವರ್ಷ ಏರುವ ತೆರಿಗೆ ಹಾಕಿದರೆ ಅವನು ಒಂದನ್ನಾದರೂ ಕಟ್ಟುತ್ತಾನೆ ಇಲ್ಲವೇ ಮಾರುತ್ತಾನೆ. ನನಗೆ ಗೊತ್ತು, ಅವನು ನನ್ನ ಹಾಗೇ, ಪೈಸೆ ಲೆಕ್ಕದವನು.

ಯೋಜನೆ ಇವೆಯಲ್ಲ ಅನ್ನಬಹುದು. ಇವೆ, ಓದಿದ್ದೇನೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ 2015ರಲ್ಲಿ ಬಂತು, 2024ರಲ್ಲಿ ಎರಡನೇ ಸುತ್ತು. ಸ್ವಂತ ಜಾಗ ಇದ್ದು, ವರ್ಷದ ಆದಾಯ ಮೂರು ಲಕ್ಷದೊಳಗಿದ್ದರೆ ಕಟ್ಟಿಕೊಳ್ಳೋಕೆ ಕೇಂದ್ರದಿಂದ ಒಂದೂವರೆ ಲಕ್ಷ, ರಾಜ್ಯದ ಪಾಲು ಬೇರೆ. ನಮ್ಮಿಬ್ಬರದ್ದು ಸೇರಿ ವರ್ಷಕ್ಕೆ 3,48,000. ಗೆರೆಯಿಂದ 48,000 ಆಚೆ. ಅದನ್ನು ಬಿಡಿ, ಜಾಗವೇ ಇಲ್ಲ. ನಮ್ಮಂಥವರಿಗೆ ಬಡ್ಡಿ ಸಹಾಯ ಇದೆ, 1.80 ಲಕ್ಷದ ತನಕ, ಆದರೆ ಅದು ಬ್ಯಾಂಕು ಸಾಲ ಕೊಟ್ಟರೆ. ನನ್ನ ಅರ್ಧ ಪಗಾರ ಕೈಗೆ ಬರುತ್ತದೆ, ಕಾಗದದ ಮೇಲೆ ಬರಲ್ಲ, ಗಂಜಿನಲ್ಲಿ ಹಾಗೇ. ಬಡವರ ಪಟ್ಟಿಗೆ ನಾವು ಸಾಹುಕಾರರು, ಬ್ಯಾಂಕಿಗೆ ನಾವು ಬಡವರು. ಆದರೆ ಅದೇ ಯೋಜನೆಯ ಎರಡನೇ ಸುತ್ತಿನಲ್ಲಿ ಇನ್ನೊಂದು ಬಾಗಿಲಿದೆ, ಕಮ್ಮಿ ದರದ ಬಾಡಿಗೆ ಮನೆಗಳನ್ನು ಕಟ್ಟೋದು. ಅದರ ಬಗ್ಗೆ ನಮ್ಮ ಊರಲ್ಲಿ ಯಾರೂ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಹಕ್ಕುಪತ್ರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಳ್ಳಬಹುದು, ಬಾಡಿಗೆ ಮನೆ ಬೀಗದ ಕೈ ಕೊಟ್ಟು ಫೋಟೋ ತೆಗೆಸಿಕೊಂಡರೆ ಅಷ್ಟು ಚೆಂದ ಕಾಣಲ್ಲ ಅಂತಲೋ ಏನೋ.

ನನಗೆ ಬೇಕಾಗಿರೋದು ಅದೇ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ಹತ್ತಿರ, ದೊಡ್ಡ ಆಸ್ಪತ್ರೆಗಳ ಹತ್ತಿರ, ಗಂಜಿನ ಹತ್ತಿರ ಎರಡು ಖೋಲಿ-ಅಡುಗೆಮನೆಯ ಬಾಡಿಗೆ ಮನೆಗಳು. ಸರಕಾರದ್ದೇ ಜಾಗದಲ್ಲಿ. ಒಲೆಗೊಂದು ಮೀಟರು, ಒಲೆಗೊಂದು ನಳ. ಎಷ್ಟು ಮಂದಿ ಅಂತ ಕೇಳಬಾರದು, ಯಾ ಮಂದಿ ಅಂತ ಕೇಳಲೇಬಾರದು. ದಯವಿಟ್ಟು ಊರಿಂದ ಹತ್ತು ಕಿಲೋಮೀಟರು ಆಚೆ, ಕೊನೆ ಬಸ್ಸು ಏಳಕ್ಕೇ ನಿಲ್ಲುವ ಜಾಗದಲ್ಲಿ ಕಟ್ಟಿ, ಯಾರೂ ಬರಲಿಲ್ಲ ನೋಡಿ ಅನ್ನಬೇಡಿ.

ಬಸ್ಸಿನ ಮಾತು ಬಂತು. ನನ್ನ ಹೆಂಡತಿಯ ಜೊತೆ ಕೆಲಸ ಮಾಡುವ ಒಬ್ಬ ಹುಡುಗಿ ಆಳಂದದಿಂದ ದಿನಾ ಬರುತ್ತಾಳೆ. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬರುವ ಮುಂಚೆ ಇಲ್ಲೇ ಪಿಜಿಯಲ್ಲಿದ್ದಳು, ಶಕ್ತಿ ಬಂದ ಮೇಲೆ ಪಿಜಿ ಬಿಟ್ಟು ಮನೆಯಿಂದಲೇ ಓಡಾಡುತ್ತಾಳೆ. ಅವಳ ತಿಂಗಳ ಪಿಜಿ ದುಡ್ಡು ಉಳಿಯಿತು, ಕಲಬುರಗಿಯಲ್ಲಿ ಒಂದು ಹಾಸಿಗೆ ಖಾಲಿಯಾಯಿತು. ಒಂದು ಇಟ್ಟಿಗೆ ಇಡದೆ ಆದ ವಸತಿ ಯೋಜನೆ ಅದು! ಆದರೆ ರಾತ್ರಿ ಪಾಳಿ ಬಿದ್ದ ದಿನ ಬಸ್ಸಿಲ್ಲ, ಆಗ ನಮ್ಮ ಮನೆಯಲ್ಲೇ ಮಲಗುತ್ತಾಳೆ. ಆಳಂದ, ಜೇವರ್ಗಿ, ಶಹಾಬಾದ್ ಕಡೆಗೆ ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ಬಸ್ಸು ಬಿಡಿ. ಎಷ್ಟೋ ಜನ ತಮ್ಮ ಊರಲ್ಲೇ, ತಮ್ಮ ಮನೆಯಲ್ಲೇ ಇದ್ದು ದುಡಿಯುತ್ತಾರೆ. ನಮ್ಮ ಮೇಲಿನ ಬಾಡಿಗೆಯ ಒತ್ತಡವೂ ಸ್ವಲ್ಪ ಇಳಿಯುತ್ತದೆ.

ಇನ್ನೊಂದು ಅಂಕಿ. 2012ರಲ್ಲಿ ಕೇಂದ್ರ ಸರಕಾರದ ಒಂದು ತಜ್ಞರ ಸಮಿತಿ ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆ ಕೊರತೆ ಇದೆ ಅಂತ ಹೇಳಿತು. ಅದರಲ್ಲಿ ಬೀದಿಯಲ್ಲಿ ಮಲಗುವವರು, ಮುರುಕು ಮನೆಯವರು ಸ್ವಲ್ಪ. ಸುಮಾರು 1.5 ಕೋಟಿ ಇಕ್ಕಟ್ಟಿನ ಮನೆಗಳು, ಮದುವೆಯಾದ ಜೋಡಿಗೆ ತಮ್ಮದು ಅಂತ ಒಂದು ಖೋಲಿ ಇಲ್ಲದವು. ಅದಕ್ಕೂ ಮುಂಚೆ 2011ರ ಜನಗಣತಿಯಲ್ಲಿ ಇದೇ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗೆ ಬೀಗ ಬಿದ್ದಿತ್ತು. ಓದಿದಾಗ ನಗು ಬಂತು, ನಮ್ಮ ಕಂಪೌಂಡನ್ನೇ ಯಾರೋ ದೊಡ್ಡದು ಮಾಡಿ ಬರೆದ ಹಾಗಿತ್ತು.

ನಮ್ಮ ರಾತ್ರಿ ಹೀಗಿರುತ್ತದೆ. ಹಾಲಿನಲ್ಲಿ ಅವ್ವನ ಕಬ್ಬಿಣದ ಮಂಚ, ಅವಳಿಗೆ ನೆಲದಿಂದ ಏಳೋಕೆ ಆಗಲ್ಲ. ಮಂಚದ ಕೆಳಗೆ ಜೋಳದ ಡಬ್ಬಿ. ಖೋಲಿಯಲ್ಲಿ ಹೆಂಡತಿ, ಮಗ, ಮಗಳು. ಮಗಳಿಗೆ ಹನ್ನೆರಡು ತುಂಬಿತು, ಬಟ್ಟೆ ಬದಲಿಸಬೇಕಾದರೆ ಎಲ್ಲರನ್ನೂ ಹೊರಗೆ ಕಳಿಸುತ್ತಾಳೆ, ಕಳಿಸಬೇಕಾದ್ದೇ. ನಾನು ಅಡುಗೆಮನೆಯಲ್ಲಿ, ಸಿಲಿಂಡರಿಗೆ ಕಾಲು ತಾಗದ ಹಾಗೆ ಮಡಚಿಕೊಂಡು. ಪರೀಕ್ಷೆ ಇದ್ದಾಗ ಮಗಳು ರಾತ್ರಿ ಹನ್ನೊಂದರ ತನಕ ಒಲೆ ಕಟ್ಟೆ ಮೇಲೆ ಪುಸ್ತಕ ಇಟ್ಟುಕೊಂಡು ನಿಂತೇ ಓದುತ್ತಾಳೆ, ಅಲ್ಲೊಂದೇ ಲೈಟ್ ಹಾಕಿದರೆ ಯಾರಿಗೂ ಎಚ್ಚರ ಆಗಲ್ಲ. ಅವಳು ಮುಗಿಸುವ ತನಕ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಈ ಪತ್ರದ ಅರ್ಧ ಅಲ್ಲೇ ಕೂತು ಮೊಬೈಲಿನಲ್ಲಿ ಬರೆದದ್ದು, ತಪ್ಪಿದ್ದರೆ ಕ್ಷಮಿಸಿ.

2027ರ ಮಾರ್ಚ್ 1ರ ಲೆಕ್ಕಕ್ಕೆ ಮತ್ತೆ ಜನಗಣತಿ ಅಂತ ಆಗಿದೆ, ಮೊದಲು ಮನೆಪಟ್ಟಿ, ಆಮೇಲೆ ತಲೆ. ಮನೆಪಟ್ಟಿಗೆ ಬರುವವರಿಗೆ ಒಂದು ಮಾತು ಹೇಳಿ ಕಳಿಸಿ, ಗೇಟಿನ ಹೊರಗೆ ನಿಂತು ಬರೆಯಬೇಡಿ, ಒಳಗೆ ಬಂದು ಹಿಂದಿನ ಖೋಲಿಗಳ ತನಕ ನಡೆದು ಎಷ್ಟು ಕಡೆ ಒಗ್ಗರಣೆ ವಾಸನೆ ಬರುತ್ತದೆ ನೋಡಿ ಅಂತ. ಆ ಅಂಕಿಯನ್ನು ವಾರ್ಡುವಾರು ನಮಗೂ ತೋರಿಸಿ. ಅದನ್ನು ಮುಂದಿಟ್ಟುಕೊಂಡು ಮುಂದಿನ ನಕ್ಷೆ ಬರೆಯಿರಿ.

ಇದನ್ನೆಲ್ಲಾ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಬಾಕಿ ಯಾವುದೂ ತಲೆಗೆ ಹೋಗಲಿಲ್ಲ, ಎಣಿಸೋಕೆ ಮನೆಗೆ ಬರುತ್ತಾರೆ ಅನ್ನೋದೊಂದೇ ಹಿಡಿದುಕೊಂಡಳು. ಬಾಗಿಲ ಕಡೆ ಒಮ್ಮೆ ನೋಡಿ, ಕಾಕಾಗೆ ಕೇಳಿಸಬಾರದು ಅಂತ ದನಿ ತಗ್ಗಿಸಿ ಕೇಳಿದಳು:

“ಅವರು ಬಂದಾಗ ನಾ ಇಲ್ಲೇ ಇರ್ಲೇನೋ, ಇಲ್ಲಾ ಆ ದಿನ ನಿನ್ನ ಅಕ್ಕನ ಮನಿಗಿ ಹೋಗ್ಲಿ?”

ಇಂತಿ,
ಗಂಜಿನ ಒಬ್ಬ ಗುಮಾಸ್ತ
ಐದು ಮಂದಿ, ಒಂದು ಒಲೆ
ಕಲಬುರಗಿ